ಕೊಡಗಿನ ಐನ್‌ಮನೆಗೆ ನೆಂಟರ ಹಾಗೆ ಹೋಗಿ ಬರೋದು ಹೇಗೆ?

ನಾನು ಮೊದಲ ಸಲ ಐನ್‌ಮನೆ, ಅಂದರೆ ಒಂದು ಮನೆತನದ ಮೂಲ ಮನೆ, ನೋಡಿದ್ದು ಒಂದು ಮೇ ತಿಂಗಳ ಮಧ್ಯಾಹ್ನ. ವಿರಾಜಪೇಟೆ ಕಡೆಯ ಸ್ನೇಹಿತರೊಬ್ಬರು ಕರೆದುಕೊಂಡು ಹೋಗಿದ್ದರು. ಗದ್ದೆ ಬಯಲಿಗೆ ಮುಖ ಮಾಡಿ ಕೂತ ಹಂಚಿನ ದೊಡ್ಡ ಮನೆ. ಕೆತ್ತನೆಯ ಬಾಗಿಲು, ಕೈ ತಬ್ಬಿದರೂ ಸಿಗದ ಮರದ ಕಂಬಗಳು. ಆದರೆ ಬಾಗಿಲಿಗೆ ಬೀಗ. ಅಂಗಳದಲ್ಲಿ ಒಂದು ನಾಯಿ ಮಲಗಿತ್ತು ಅಷ್ಟೇ. ಹೊರಗಿನಿಂದ ನೋಡಿ, ನಾಲ್ಕು ಫೋಟೊ ತೆಗೆದು ಬಂದೆವು.

ಅದೇ ವರ್ಷ ಪುತ್ತರಿಗೆ, ಅಂದರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ಮತ್ತೆ ಕರೆದರು. ಈ ಸಲ ಅಂಗಳದ ತುಂಬ ಕಾರು, ಜಗಲಿಯ ತುಂಬ ಹಿರಿಯರು, ಅಡುಗೆಮನೆಯಿಂದ ಹೊಗೆ, ಎಲ್ಲೆಲ್ಲೂ ಮಕ್ಕಳು. ಬೆಂಗಳೂರು, ಮೈಸೂರು, ದುಬೈನಿಂದ ಬಂದವರೆಲ್ಲ ಒಂದೇ ದೀಪದ ಮುಂದೆ ಕೈ ಮುಗಿಯುತ್ತಿದ್ದರು. ಐನ್‌ಮನೆ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆ ರಾತ್ರಿ. ಅದಕ್ಕೇ ಯಾರಾದರೂ ಕೇಳಿದರೆ ನಾನು ಹೇಳೋದು ಒಂದೇ ಮಾತು: ಮನೆ ನೋಡೋಕೆ ಹೋಗಬೇಡಿ, ಮನೆಯವರನ್ನು ನೋಡೋಕೆ ಹೋಗಿ. ಮನೆ ತಾನಾಗಿ ಕಾಣುತ್ತದೆ. ಅದು ಹೇಗೆ ಅಂತ ಒಂದೊಂದಾಗಿ ಬರೆಯುತ್ತೇನೆ.

ಹೋಗುವ ಮುಂಚೆ ಇಷ್ಟು ತಿಳಿದಿರಲಿ

ಒಬ್ಬ ಮೂಲ ಹಿರಿಯನಿಂದ ಕವಲೊಡೆದು ಬಂದ, ತಂದೆ ಕಡೆಯ ಇಡೀ ಕುಟುಂಬಕ್ಕೆ ಒಕ್ಕ ಅನ್ನುತ್ತಾರೆ. ಆ ಮೂಲ ಹಿರಿಯನೇ ಕಾರೋಣ. ಒಕ್ಕದ ಮೂಲ ಮನೆಯೇ ಐನ್‌ಮನೆ. ಕೊಡವರ ಹೆಸರಿನ ಮುಂದೆ ಬರುತ್ತಲ್ಲ, ಅಂಡ ಅಂತಲೋ ಇರ, ಎರ ಅಂತಲೋ ಮುಗಿಯುವ ಮನೆತನದ ಹೆಸರು, ಅದು ಒಕ್ಕದ ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು. ಒಕ್ಕದ ಹಿರಿಯನಿಗೆ ಪಟ್ಟೆದಾರ ಅನ್ನುತ್ತಾರೆ. ಕೊಡವರಿಗೆ ಮಾತ್ರ ಅಲ್ಲ, ಅರೆಭಾಷೆ ಮಾತಾಡುವ ಕೊಡಗಿನ ಗೌಡರಿಗೂ ಐನ್‌ಮನೆಗಳಿವೆ.

ಇದು ಒಬ್ಬರ ಮನೆ ಅಲ್ಲ, ಇಡೀ ಒಕ್ಕದ ಮನೆ. ಹಿಂದೆ ಒಂದೇ ಸೂರಿನಡಿ ಹತ್ತಾರು ಜನ ಇರುತ್ತಿದ್ದರು. ಈಗ ಹೆಚ್ಚಿನವರು ತಮ್ಮ ತಮ್ಮ ತೋಟದಲ್ಲಿ ಬೇರೆ ಮನೆ ಕಟ್ಟಿಕೊಂಡಿದ್ದಾರೆ, ಇಲ್ಲವೇ ಊರು ಬಿಟ್ಟು ಹೋಗಿದ್ದಾರೆ. ಕೆಲವು ಐನ್‌ಮನೆಗಳಲ್ಲಿ ಒಂದು ಸಂಸಾರ ಉಳಿದು ದಿನಾ ದೀಪ ಹಚ್ಚುತ್ತದೆ. ಇನ್ನು ಕೆಲವು ಹಬ್ಬಕ್ಕೆ ಮಾತ್ರ ತೆರೆಯುತ್ತವೆ. ಕೆಲವನ್ನು ಕೆಡವಿ ಹೊಸದು ಕಟ್ಟಿದ್ದಾರೆ. ಹೊಸದಾಗಿ ಕಟ್ಟಿದರೂ ಅದು ಐನ್‌ಮನೆಯೇ. ಯಾಕಂದ್ರೆ ದೀಪ ಅದೇ, ಕಾರೋಣ ಅವನೇ. ಸಿಮೆಂಟಿನ ಐನ್‌ಮನೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಹೆಜ್ಜೆ: ಕರೆಯುವವರು ಬೇಕು

ಇಲ್ಲಿ ಟಿಕೆಟ್ ಕೌಂಟರ್ ಇರಲ್ಲ. ದಾರಿಯಲ್ಲಿ ಒಕ್ಕದ ಹೆಸರಿನ ಬೋರ್ಡ್ ಕಂಡಿತು ಅಂತ ಕಾರು ತಿರುಗಿಸಿ ಒಳಗೆ ಹೋಗಬೇಡಿ. ಅದು ಆ ಕುಟುಂಬದ ಖಾಸಗಿ ದಾರಿ.

ಕೊಡಗಿನ ಸ್ನೇಹಿತರು, ಸಹೋದ್ಯೋಗಿಗಳು ಯಾರಾದರೂ ಇದ್ದರೆ ಅವರನ್ನೇ ಕೇಳಿ. 'ನಿಮ್ಮ ಐನ್‌ಮನೆ ಎಲ್ಲಿ?' ಅಂತ ಕೇಳಿದರೆ ಸಾಕು, ಮಾತು ತಾನಾಗಿ ಬೆಳೆಯುತ್ತದೆ. ನನ್ನ ಅನುಭವದಲ್ಲಿ ಈ ಪ್ರಶ್ನೆಗೆ ಮುಖ ಅರಳದ ಕೊಡವರು ಇಲ್ಲ. ಗೊತ್ತಿರುವವರು ಯಾರೂ ಇಲ್ಲದಿದ್ದರೆ ಹೋಮ್‌ಸ್ಟೇ ಮೂಲಕ ಪ್ರಯತ್ನಿಸಿ. ಬುಕ್ ಮಾಡುವಾಗಲೇ ಹೇಳಿ: 'ನಿಮ್ಮ ಐನ್‌ಮನೆ ಹತ್ತಿರ ಇದ್ದರೆ, ಹಿರಿಯರು ಒಪ್ಪಿದರೆ, ಒಮ್ಮೆ ನೋಡುವ ಆಸೆ.' ಹೋಮ್‌ಸ್ಟೇಯವರು ಒಪ್ಪಿದರೂ ಐನ್‌ಮನೆಯಲ್ಲಿ ಇರುವವರು ಬೇರೆ ಇರಬಹುದು. ಅವರ ಒಪ್ಪಿಗೆ ಬೇಕು. ಬೀಗದ ಕೈ ಯಾರ ಹತ್ತಿರ ಇದೆ, ಆ ದಿನ ಅವರು ಊರಲ್ಲಿ ಇರುತ್ತಾರಾ ಅನ್ನೋದನ್ನೂ ವಿಚಾರಿಸಿ. ನಾನು ಕೇಳಿರಲಿಲ್ಲ, ಹಾಗಾಗಿ ಮೊದಲ ಸಲ ಬೀಗ ನೋಡಿ ಬರಬೇಕಾಯಿತು.

ಎರಡನೇ ಹೆಜ್ಜೆ: ದಿನ ನೋಡಿಕೊಳ್ಳಿ

ಕೊಡಗಿನ ಹಬ್ಬಗಳೆಲ್ಲ ಗದ್ದೆ, ಮಳೆ, ಆಯುಧ, ಕಾವೇರಿ ಇವುಗಳ ಸುತ್ತಲೇ ಇವೆ. ಯಾವ ಹಬ್ಬಕ್ಕೆ ಹೋಗುತ್ತೀರಿ ಅನ್ನೋದರ ಮೇಲೆ ನಿಮಗೆ ಕಾಣುವುದು ಬದಲಾಗುತ್ತದೆ.

ಆಗಸ್ಟ್ 3ರ ಸುಮಾರಿಗೆ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಜೋರು ಮಳೆಯ ಕಾಲ. ಮದ್ದುಸೊಪ್ಪು ಅನ್ನುವ ಗಿಡದಲ್ಲಿ ಅಂದು 18 ಬಗೆಯ ಔಷಧಿ ಸೇರಿರುತ್ತದೆ ಅನ್ನೋದು ನಂಬಿಕೆ. ಸೊಪ್ಪು ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ಪರಿಮಳ ತುಂಬ ಚೆನ್ನಾಗಿರುತ್ತದೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಅದನ್ನು ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಸೊಪ್ಪಿನ ಬಣ್ಣ ಅದು, ಹೆದರಬೇಡಿ.

ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್. ನಾಟಿ ಕೆಲಸ ಮುಗಿದ ಮೇಲೆ ಬರುವ ಆಯುಧಗಳ ಹಬ್ಬ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ದೀಪದ ಮುಂದೆ ಇಟ್ಟು, ಕೆಂಪು ಹಳದಿಯ ತೋಕ್‌ಪೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೋಕ್ ಅಂದರೆ ಕೋವಿ. ಈ ಹೂವನ್ನು ನಮ್ಮ ಕಡೆ ಗೌರಿ ಹೂವು ಅನ್ನುತ್ತಾರೆ, ಬಳ್ಳಿಯಲ್ಲಿ ಬಿಡುತ್ತದೆ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಹಾಗಾಗಿ ಮನೆಯಲ್ಲಿ ಕೋವಿ ಕಂಡರೆ ಅಚ್ಚರಿ ಬೇಡ. ಆದರೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಅಕ್ಟೋಬರ್ 17ರ ಸುಮಾರಿಗೆ ಕಾವೇರಿ ಸಂಕ್ರಮಣ. ತಲಕಾವೇರಿಯಲ್ಲಿ ಜನ ಜಾಸ್ತಿ. ಮನೆಗಳಲ್ಲಿ ಹೆಂಗಸರು ಕಾವೇರಿ ತಾಯಿಗೆ ಕಣಿಪೂಜೆ ಮಾಡುತ್ತಾರೆ. ಇದು ಮನೆಯೊಳಗಿನ ಹಬ್ಬ, ಆಪ್ತರು ಕರೆದರೆ ಮಾತ್ರ ಹೋಗಿ.

ಏಪ್ರಿಲ್, ಮೇ ತಿಂಗಳಲ್ಲಿ ಊರ ದೇವಸ್ಥಾನದ ಹಬ್ಬಗಳು, ಮದುವೆಗಳು ಮತ್ತು ಕೊಡವ ಕೌಟುಂಬಿಕ ಹಾಕಿ. 1997ರಲ್ಲಿ ಶುರುವಾದ ಈ ಹಾಕಿಯಲ್ಲಿ ಒಕ್ಕಕ್ಕೆ ಒಕ್ಕವೇ ತಂಡ ಕಟ್ಟಿ ಆಡುತ್ತದೆ, ನಡೆಸಿಕೊಡೋದೂ ಒಂದು ಒಕ್ಕವೇ. ಆಗ ರೂಮು ಸಿಗೋದು ಕಷ್ಟ, ಆದರೆ ಜನರೆಲ್ಲ ಊರಿಗೆ ಬಂದಿರುತ್ತಾರೆ.

ಒಂದೇ ಸಲ ಹೋಗೋದಾದರೆ ಪುತ್ತರಿಗೆ ಹೋಗಿ. ಪುತ್ತರಿ ಅಂದರೆ ಹೊಸ ಅಕ್ಕಿ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ದಿನ ಗೊತ್ತು ಮಾಡುತ್ತಾರೆ. ನೆರೆ ಅನ್ನುವ ಎಲೆಗಳ ಕಟ್ಟು ಕಟ್ಟೋದು, ಗದ್ದೆಯಿಂದ ಭತ್ತದ ಕದಿರು ತೆಗೆಯೋದು, ಊಟ ಮಾಡೋದು, ಮೂರಕ್ಕೂ ಸಮಯ ಗೊತ್ತಾಗಿ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ನೋಡಿಕೊಂಡು ರಜೆ ಹಾಕಿ. ರೂಮು ಮಾತ್ರ ಮುಂಚೆಯೇ ಮಾಡಿಟ್ಟುಕೊಳ್ಳಿ.

ಪುತ್ತರಿಯ ರಾತ್ರಿ ನೀವು ಏನು ಮಾಡಬೇಕು

ಕತ್ತಲಾಗುವ ಮೊದಲೇ ಮನೆ ತಲುಪಿ. ಒಳಗೆ ದೀಪದ ಮುಂದೆ ಚಾಪೆ ಹಾಸಿ ಕೆಲವರು ಎಲೆ ಜೋಡಿಸುತ್ತಾ ಕೂತಿರುತ್ತಾರೆ. ಅರಳಿ, ಮಾವು ಸೇರಿ ಐದು ಬಗೆಯ ಎಲೆಗಳನ್ನು ಒಂದರ ಮೇಲೆ ಒಂದಿಟ್ಟು ನಾರಿನಿಂದ ಕಟ್ಟುತ್ತಾರೆ. ಇದೇ ನೆರೆ ಕಟ್ಟೋದು. ಮಕ್ಕಳಿಗೂ ಕಲಿಸುತ್ತಾರೆ. ನಿಮಗೂ ಕೂರೋಕೆ ಹೇಳಿದರೆ ಕೂತು ಒಂದು ಕಟ್ಟಿ. ಗಂಟು ಹೇಗೆ ಹಾಕಬೇಕು ಅಂತ ಪಕ್ಕದ ಅಜ್ಜಿ ಹೇಳಿಕೊಡುತ್ತಾರೆ. ನನಗೆ ಹೇಳಿಕೊಟ್ಟವರಿಗೆ 80 ದಾಟಿತ್ತು. ಕಣ್ಣು ಬೇರೆ ಕಡೆ ಇತ್ತು, ಬೆರಳುಗಳು ತಾವಾಗಿ ಎಲೆ ಮಡಚುತ್ತಿದ್ದವು.

ಸಮಯ ಹತ್ತಿರ ಬಂದಾಗ ಎಲ್ಲರೂ ದೀಪಕ್ಕೆ ಕೈ ಮುಗಿದು, ತಳಿಯತಕ್ಕಿ ಬೊಳ್ಚ ಹಿಡಿದ ಹೆಂಗಸಿನ ಜೊತೆ ಗದ್ದೆಗೆ ಹೊರಡುತ್ತಾರೆ. ಅದು ಅಕ್ಕಿ ತುಂಬಿದ ತಟ್ಟೆಯಲ್ಲಿ ಇಟ್ಟ ದೀಪ. ಮುಂದೆ ದುಡಿ ಬಡಿಯುತ್ತಾ ಹಾಡುವವರು. ಗದ್ದೆಯ ಬದು ಒದ್ದೆ ಇರುತ್ತದೆ, ಟಾರ್ಚ್ ಹಿಡಿದುಕೊಳ್ಳಿ, ಆದರೆ ದೀಪ ಹಿಡಿದವರ ಮುಖಕ್ಕೆ ಬೆಳಕು ಬಿಡಬೇಡಿ. ಕದಿರು ಕೊಯ್ಯುವವರು ಮೊದಲ ಹಿಡಿ ಕೊಯ್ಯುವ ಹೊತ್ತಿಗೆ ಕೋವಿಯಿಂದ ಆಕಾಶಕ್ಕೆ ಗುಂಡು ಹಾರುತ್ತದೆ. ಒಂದೇ ಮನೆಯಿಂದ ಅಲ್ಲ, ಬೆಟ್ಟದ ಆಚೆ, ಈಚೆ, ಕಣಿವೆಯ ಕೆಳಗೆ, ಎಲ್ಲ ಕಡೆಯಿಂದ. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಕೂಗು: 'ಪೊಲಿ ಪೊಲಿ ದೇವಾ!' ಹೆಚ್ಚಲಿ, ತುಂಬಲಿ ದೇವರೇ ಅಂತ. ನೀವೂ ಕೂಗಿ. ಸಣ್ಣ ಮಕ್ಕಳಿದ್ದರೆ ಗುಂಡಿನ ಸದ್ದಿನ ಬಗ್ಗೆ ಮೊದಲೇ ಹೇಳಿ ಕಿವಿ ಮುಚ್ಚಿಸಿ.

ಕದಿರನ್ನು ಮನೆಗೆ ತಂದು ನೆರೆಯ ಜೊತೆ ಸೇರಿಸಿ ದೀಪಕ್ಕೆ, ಕಂಬಕ್ಕೆ, ಬಾಗಿಲಿಗೆ ಕಟ್ಟುತ್ತಾರೆ. ಆಮೇಲೆ ಹೊಸ ಅಕ್ಕಿಯ ಪಾಯಸ, ತಂಬುಟ್ಟು, ಪುತ್ತರಿ ಗೆಣಸು. ತಂಬುಟ್ಟು ಅಂದರೆ ಹುರಿದ ಅಕ್ಕಿಹಿಟ್ಟಿಗೆ ಮಾಗಿದ ಬಾಳೆಹಣ್ಣು ಕಿವುಚಿ ಕಲಸಿದ್ದು. ಮೇಲೆ ತುಪ್ಪ, ಎಳ್ಳು, ಕಾಯಿತುರಿ. ಮುಂದಿನ ದಿನಗಳಲ್ಲಿ ಊರ ಮಂದ್‌ನಲ್ಲಿ ಕೋಲಾಟ. ಮಂದ್ ಅಂದರೆ ಊರಿನವರೆಲ್ಲ ಸೇರುವ ಬಯಲು. ಕುಪ್ಯ ಅನ್ನುವ ಬಿಳಿಯ ಉದ್ದ ಅಂಗಿ ತೊಟ್ಟ ಗಂಡಸರು ವೃತ್ತದಲ್ಲಿ ಕುಣಿಯುತ್ತಾ ಬೆತ್ತದ ಕೋಲುಗಳನ್ನು ಬಡಿಯುವ ಲಯ ನೋಡೋಕೆ ಯಾರಿಗೂ ಆಹ್ವಾನ ಬೇಡ. ಐನ್‌ಮನೆಗೆ ಕರೆ ಸಿಗದವರು ಮಂದ್‌ಗಾದರೂ ಹೋಗಿ.

ಮೂರನೇ ಹೆಜ್ಜೆ: ಕಟ್ಟು ಇದೆಯಾ ಅಂತ ಕೇಳಿ

ಇದನ್ನು ಹೊರಗಿನವರು ಯಾರೂ ಕೇಳುವುದಿಲ್ಲ. ಊರ ದೇವರ ಹಬ್ಬದ ಮುಂಚೆ ಕೆಲವು ದಿನ ಊರಿಗೆ ಕಟ್ಟು ಬೀಳುತ್ತದೆ. ಆಗ ಮದುವೆ ಮಾಡಲ್ಲ, ಮರ ಕಡಿಯಲ್ಲ, ಹಲವು ಊರುಗಳಲ್ಲಿ ಮಾಂಸ ಮಾಡಲ್ಲ. ನಿಯಮ ಊರಿಂದ ಊರಿಗೆ ಬೇರೆ. ಹೊರಡುವ ಹಿಂದಿನ ದಿನ ಫೋನಲ್ಲಿ 'ಊರಲ್ಲಿ ಕಟ್ಟು ಏನಾದರೂ ಇದೆಯಾ?' ಅಂತ ಕೇಳಿ. ಕೇಳಿದ್ದಕ್ಕೇ ಅವರಿಗೆ ನಿಮ್ಮ ಮೇಲೆ ಪ್ರೀತಿ ಬರುತ್ತದೆ.

ಇನ್ನೊಂದು. ಊರಲ್ಲಿರುವಾಗ ಗುಂಡಿನ ಸದ್ದು ಕೇಳಿದರೆ ಎಣಿಸಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಹಳೆಯ ಪದ್ಧತಿ. ಹತ್ತಿರದಲ್ಲೇ ಒಂದರ ಹಿಂದೆ ಒಂದು ಎರಡು ಗುಂಡು ಕೇಳಿದರೆ ಅಂದು ಐನ್‌ಮನೆ ನೋಡುವ ಮಾತು ಎತ್ತಬೇಡಿ. ಊರವರೆಲ್ಲ ಕೆಲಸ ಬಿಟ್ಟು ಆ ಮನೆಗೆ ಹೋಗಿರುತ್ತಾರೆ.

ನಾಲ್ಕನೇ ಹೆಜ್ಜೆ: ದಾರಿ ಮತ್ತು ಸಾಮಾನು

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ಬಸ್ಸು ಅಥವಾ ಕಾರು. ಹೊರದೇಶದಿಂದ ಬರುವವರಿಗೆ ಕಣ್ಣೂರು ವಿಮಾನ ನಿಲ್ದಾಣವೂ ಹತ್ತಿರ. ಮಾಕುಟ್ಟ ಘಾಟಿ ಹತ್ತಿದರೆ ವಿರಾಜಪೇಟೆ. ಮಳೆಗಾಲದಲ್ಲಿ ಮಾತ್ರ ಈ ದಾರಿ ತೆರೆದಿದೆಯಾ ಅಂತ ವಿಚಾರಿಸಿ ಹೊರಡಿ.

ಮ್ಯಾಪ್ ನಂಬಿ ತೋಟದ ದಾರಿಗೆ ಇಳಿಯಬೇಡಿ. ನೆಟ್‌ವರ್ಕ್ ಹೋಗುತ್ತದೆ, ದಾರಿಗಳೆಲ್ಲ ಒಂದೇ ಥರ ಕಾಣುತ್ತವೆ. ಮುಖ್ಯರಸ್ತೆಯ ಅಂಗಡಿ ಹತ್ತಿರ ನಿಂತು ಮನೆಯವರಿಗೆ ಫೋನ್ ಮಾಡಿ. ಜಾರದ ಚಪ್ಪಲಿ, ಕೊಡೆ, ಟಾರ್ಚ್ ಇರಲಿ. ಮಳೆಗಾಲವಾದರೆ ಜಿಗಣೆಗೆ ಸ್ವಲ್ಪ ಉಪ್ಪು. ಡಿಸೆಂಬರ್ ರಾತ್ರಿಗೆ ಸ್ವೆಟರ್ ಬೇಕೇ ಬೇಕು.

ಬರಿಗೈಯಲ್ಲಿ ಹೋಗಬೇಡಿ. ನಾನು ಹಣ್ಣು, ಮಕ್ಕಳಿಗೆ ಸಿಹಿ, ಜೊತೆಗೆ ದೀಪಕ್ಕೆ ಅಂತ ಒಂದು ಬಾಟಲಿ ಎಣ್ಣೆ ತೆಗೆದುಕೊಂಡು ಹೋಗುತ್ತೇನೆ. ಎಣ್ಣೆ ಕೊಟ್ಟಾಗ ಮನೆಯ ಹಿರಿಯರು ಅದನ್ನು ತೆಗೆದುಕೊಂಡ ರೀತಿ ನನಗೆ ಇನ್ನೂ ನೆನಪಿದೆ. ಎರಡೂ ಕೈಯಲ್ಲಿ ಹಿಡಿದು, ಒಳಗೆ ಒಯ್ದು, ದೀಪದ ಕೆಳಗೇ ಇಟ್ಟರು.

ಐದನೇ ಹೆಜ್ಜೆ: ಓಣಿಯಿಂದ ದೀಪದವರೆಗೆ

ಹಳೆಯ ಐನ್‌ಮನೆಗಳಿಗೆ ಓಣಿ ಇರುತ್ತದೆ. ಎರಡು ಕಡೆ ಮಣ್ಣಿನ ಅಥವಾ ಕಲ್ಲಿನ ಎತ್ತರದ ಗೋಡೆ, ನಡುವೆ ಸಣ್ಣ ದಾರಿ. ಬೇಕಂತಲೇ ಇಕ್ಕಟ್ಟಾಗಿ ಮಾಡಿದ್ದು. ಕಾದಾಟದ ಕಾಲದಲ್ಲಿ ಶತ್ರು ಗುಂಪಾಗಿ ನುಗ್ಗಬಾರದು ಅಂತ. ಕಾರು ಹೋಗುವಷ್ಟು ಜಾಗ ಇದ್ದರೂ ಕಾರನ್ನು ಹೊರಗೇ ಬಿಟ್ಟು ನಡೆದು ಹೋಗಿ. ಓಣಿಯ ತಂಪು, ಗೋಡೆಯ ಪಾಚಿ, ಕೊನೆಯ ತಿರುವಿನಲ್ಲಿ ಒಮ್ಮೆಲೇ ತೆರೆದುಕೊಳ್ಳುವ ಅಂಗಳ, ಇದನ್ನು ನಡೆದೇ ನೋಡಬೇಕು.

ಮನೆಗೆ ಸೇರುವ ಮೊದಲು ಒಂದು ಬದಿಯಲ್ಲಿ ಚಿಕ್ಕ ಗುಡಿ ಕಾಣಬಹುದು. ಅದು ಕೈಮಡ, ಕಾರೋಣನ ಜಾಗ. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುತ್ತಾರೆ. ಮಾಂಸದ ಅಡುಗೆ, ಸಾರಾಯಿ ಕೂಡ ಇರುತ್ತದೆ, ಹಿರಿಯರು ಏನು ಇಷ್ಟಪಡುತ್ತಿದ್ದರೋ ಅದು. ಚಪ್ಪಲಿ ಬಿಟ್ಟು ಕೈ ಮುಗಿಯಿರಿ. ಒಳಗೆ ಇಣುಕಿ ಫೋಟೊ ತೆಗೆಯೋದು ಬೇಡ.

ಅಂಗಳ ದಾಟಿದರೆ ಮೆಟ್ಟಿಲು. ಅಲ್ಲಿ ಕಿಂಡಿಯಲ್ಲಿ, ಅಂದರೆ ಮೂತಿ ಇರುವ ಚೊಂಬಿನಲ್ಲಿ, ನೀರು ಇಟ್ಟಿದ್ದರೆ ಕಾಲು ತೊಳೆಯಿರಿ. ಮೇಲೆ ಹತ್ತಿದರೆ ಕಯ್ಯಾಲೆ, ಅಂದರೆ ನಮ್ಮ ಜಗಲಿ. ಕಂಬದಿಂದ ಕಂಬಕ್ಕೆ ಅಗಲವಾದ ಒಂದೇ ಮರದ ಹಲಗೆ ಹಾಸಿರುತ್ತದೆ. ಅದು ಆಯ್ಮರ. ಅದರ ಮೇಲೆ ಅಂಗೈ ಇಟ್ಟು ನೋಡಿ. ತಲೆಮಾರುಗಳಿಂದ ಜನ ಕೂತು ಕೂತು ಅದು ಕನ್ನಡಿ ಹಾಗೆ ನುಣುಪಾಗಿದೆ. ಅಂಚಿನಲ್ಲಿ ಕೈ ಊರುವ ಜಾಗ ಸ್ವಲ್ಪ ತಗ್ಗಾಗಿರುತ್ತದೆ. ಒಕ್ಕದ ಜಗಳಗಳು, ಪಾಲು, ಮದುವೆ ಮಾತು ಎಲ್ಲ ಇಲ್ಲಿ ಕೂತೇ ತೀರ್ಮಾನವಾಗಿದ್ದು. ಹಿರಿಯರು ಕೂರುವ ಜಾಗ ಇದು, ಅವರು 'ಕೂರಿ' ಅನ್ನುವವರೆಗೆ ನಿಂತಿರಿ. ಮನೆಯ ಹಿರಿಯರಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿದರೆ ತುಂಬ ಸಂತೋಷಪಡುತ್ತಾರೆ. ಹೇಗಿದ್ದೀರಿ ಅಂತ ಕೇಳಿದಾಗ 'ನಲ್ಲಾಮೆ' ಅನ್ನಿ. ಚೆನ್ನಾಗಿದ್ದೇವೆ ಅಂತ ಅರ್ಥ. ಕೊಡವ ತಕ್ಕ್, ಅಂದರೆ ಕೊಡವ ಭಾಷೆಯ ಒಂದು ಪದ ಸಾಕು, ಉಳಿದದ್ದನ್ನು ಅವರೇ ಕನ್ನಡದಲ್ಲಿ ಮಾತಾಡುತ್ತಾರೆ.

ಒಳಗಿನ ದೊಡ್ಡ ಕೋಣೆಯೇ ನೆಲ್ಲಕ್ಕಿ ನಡುಬಾಡೆ. ಅಲ್ಲಿ ಸರಪಣಿಯಲ್ಲಿ ತೂಗುವ ದೀಪ, ತೂಕ್‌ಬೊಳಕ್. ಮನೆಯ ನಿಜವಾದ ಯಜಮಾನ ಈ ದೀಪ. ಮದುವೆಗೆ ಪುರೋಹಿತರು ಬೇಡ, ದೀಪ ಸಾಕ್ಷಿ. ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಮನೆಯ ನೈಋತ್ಯ ಮೂಲೆಯ ಕೋಣೆಗೆ ಕನ್ನಿಕೋಂಬರೆ ಅನ್ನುತ್ತಾರೆ. ಅದು ಪೂಜೆಯ ಜಾಗ. ಬಾಗಿಲು ತೆರೆದಿದ್ದರೂ ಕರೆಯದೆ ಕಾಲಿಡಬೇಡಿ. ನಾಲ್ಕು ಕಡೆ ಮನೆ, ನಡುವೆ ತೆರೆದ ಅಂಗಳ ಇದ್ದರೆ ಅದು ಮುಂದ್‌ಮನೆ, ನಮ್ಮ ತೊಟ್ಟಿಮನೆ ಇದ್ದ ಹಾಗೆ.

ಸಾಧ್ಯವಾದರೆ ಸಂಜೆ ದೀಪ ಹಚ್ಚುವವರೆಗೆ ಇರಿ. ಹೊರಗೆ ಗದ್ದೆ ಕಪ್ಪಾಗುತ್ತಾ ಬರುತ್ತದೆ. ಮನೆಯಾಕೆ ತಲೆಗೆ ವಸ್ತ್ರ ಸರಿ ಮಾಡಿಕೊಂಡು ಬತ್ತಿ ಎಳೆದು ಹಚ್ಚುತ್ತಾರೆ. ಮಾತು ತಾನಾಗಿ ನಿಲ್ಲುತ್ತದೆ. ಆ ಒಂದು ನಿಮಿಷ ಫೋನ್ ಜೇಬಲ್ಲೇ ಇರಲಿ.

ಊಟಕ್ಕೆ ಕೂತಾಗ

ಕಡಂಬುಟ್ಟು ಅನ್ನುವ ಅಕ್ಕಿ ಉಂಡೆ, ಪಂದಿಕರಿ ಅನ್ನುವ ಹಂದಿಮಾಂಸದ ಸಾರು, ಎರಡರ ಹೆಸರನ್ನೂ ಎಲ್ಲರೂ ಕೇಳಿರುತ್ತೀರಿ. ಪಂದಿಕರಿಯ ಕಪ್ಪು ಬಣ್ಣ, ಹುಳಿ ಎರಡೂ ಕಾಚಂಪುಳಿಯದು. ಕಾಡಿನ ಹುಳಿಹಣ್ಣಿನ ರಸವನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿದ ಹುಳಿ ಅದು. ನೀವು ಮಾಂಸ ತಿನ್ನದಿದ್ದರೆ ಕರೆದಾಗಲೇ ಹೇಳಿ. ಬೈಂಬಳೆ ಕರಿ, ಅಂದರೆ ಕಳಲೆ ಪಲ್ಯ, ಮಳೆಗಾಲದಲ್ಲಿ ಅಣಬೆಯ ಕುಮ್ಮುಕರಿ, ಅಕ್ಕಿ ಶಾವಿಗೆಯ ನೂಪುಟ್ಟು, ಹಬೆಯಲ್ಲಿ ಬೇಯಿಸಿದ ಪಾಪುಟ್ಟು, ಅಕ್ಕಿರೊಟ್ಟಿ ಎಲ್ಲ ಇದೆ. ತಟ್ಟೆ ಮುಂದೆ ಬಂದ ಮೇಲೆ ಹೇಳಿದರೆ ಅಡುಗೆ ಮಾಡಿದವರಿಗೆ ನೋವಾಗುತ್ತದೆ. ಕುಡಿಯೋಕೆ ಕೊಟ್ಟರೆ ಬೇಡ ಅಂತ ನಯವಾಗಿ ಹೇಳಬಹುದು, ಯಾರೂ ಒತ್ತಾಯ ಮಾಡಲ್ಲ. ಬೆಲ್ಲದ ಕಾಫಿ ಮಾತ್ರ ಬೇಡ ಅನ್ನಬೇಡಿ.

ಫೋಟೊ, ಪ್ರಶ್ನೆ

ಮನೆಯ ಹೊರಭಾಗ, ಕಂಬ, ಕೆತ್ತನೆ ತೆಗೆಯೋಕೆ ಕೇಳಿದರೆ ಒಪ್ಪುತ್ತಾರೆ. ದೀಪ, ಕೈಮಡ, ಕೋವಿ, ಹಿರಿಯರ ಮುಖ, ಇವಕ್ಕೆ ಬೇರೆಯಾಗಿಯೇ ಕೇಳಿ. ಮನೆಯ ಲೊಕೇಶನ್ ಹಾಕಿ ಪೋಸ್ಟ್ ಮಾಡಬೇಡಿ. ಹಳೆಯ ಕಂಚು, ಕತ್ತಿ, ಮರದ ಸಾಮಾನು ಇರುವ, ಅರ್ಧ ವರ್ಷ ಬೀಗ ಬಿದ್ದಿರುವ ಮನೆಯ ವಿಳಾಸ ಊರಿಗೆಲ್ಲ ಸಾರೋದು ಸರಿಯಲ್ಲ ಅಲ್ವಾ?

ಆಸ್ತಿ ಎಷ್ಟು, ತೋಟ ಎಷ್ಟು ಎಕರೆ ಅಂತ ಕೇಳಬೇಡಿ. ಗೋಡೆ ಮೇಲಿನ ಫೋಟೊಗಳನ್ನು ತೋರಿಸಿ 'ಇವರು ಯಾರು?' ಅಂತ ಕೇಳಿ. ಸೇನೆಯ ಸಮವಸ್ತ್ರದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅಲ್ಲಿಂದ ಶುರುವಾದ ಮಾತು ಮೂರು ತಲೆಮಾರು ಹಿಂದಕ್ಕೆ ಹೋಗುತ್ತದೆ.

ಕರೆಯುವವರೇ ಸಿಗದಿದ್ದರೆ

ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ. 1792ರಿಂದ 1794ರ ನಡುವೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಇದು ರಾಜನ ಮನೆ, ಐನ್‌ಮನೆ ಅಲ್ಲ. ಆದರೆ ಹಂಚಿನ ಮಾಡು, ಮರದ ಕಂಬ, ಕೆತ್ತನೆ ಇವನ್ನು ಸಮಾಧಾನವಾಗಿ ನೋಡಬಹುದು. ಪಾಡಿ ಇಗ್ಗುತಪ್ಪ ದೇವಸ್ಥಾನವೂ ಅದೇ ಕಡೆ, ಒಂದೇ ದಿನದಲ್ಲಿ ಎರಡೂ ಆಗುತ್ತದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಸನ್ನಿಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಊರವರನ್ನು ಕೇಳಿದರೆ ಹತ್ತಿರದ್ದನ್ನು ತೋರಿಸುತ್ತಾರೆ. ಅಲ್ಲಿಂದ ಒಂದು ಎಲೆಯನ್ನೂ ಕೀಳಬೇಡಿ.

ಹೊರಡುವಾಗ

ದೀಪಕ್ಕೆ ಇನ್ನೊಮ್ಮೆ ಕೈ ಮುಗಿದು, ಹಿರಿಯರಿಗೆ ಹೇಳಿ ಹೊರಡಿ. ದುಡ್ಡು ಕೊಡೋಕೆ ಹೋಗಬೇಡಿ. ಊರಿಗೆ ಬಂದ ಮೇಲೆ ತೆಗೆದ ಫೋಟೊಗಳಲ್ಲಿ ಚೆನ್ನಾಗಿರುವ ಎರಡು ಮೂರನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಹಿರಿಯರಿಗೆ ತಲುಪಲ್ಲ. ನಾನು ಕಳಿಸಿದ ಒಂದು ಫೋಟೊ, ನೆರೆ ಕಟ್ಟುತ್ತಾ ಕೂತ ಆ ಅಜ್ಜಿಯದು, ಈಗ ಆ ಮನೆಯ ನಡುಬಾಡೆಯ ಗೋಡೆಯಲ್ಲಿದೆ. ಹೋದ ಪುತ್ತರಿಗೆ ಅದರ ಚೌಕಟ್ಟಿಗೂ ಒಂದು ಕದಿರು ಸಿಕ್ಕಿಸಿದ್ದರು.